ಎರಡು ತ್ರಿಭುಜಗಳ ನಡುವೆ ಒಂದು ಕಳಸ

೧೯೯೮ರಲ್ಲಿ ತಿಪಟೂರಿನ ಮಾರುಕಟ್ಟೆ ರಸ್ತೆಯಲ್ಲಿ ನಾನೊಂದು ಸಣ್ಣ ಪ್ರೆಸ್ಸು ನಡೆಸುತ್ತಿದ್ದೆ. ಕೊಬ್ಬರಿ ಮಂಡಿಗಳ ಬಿಲ್ ಪುಸ್ತಕ, ಲಗ್ನಪತ್ರಿಕೆ ಮತ್ತು ಶಾಲೆಗಳ ಪ್ರಶ್ನೆಪತ್ರಿಕೆ, ಈ ಮೂರರ ಮೇಲೆ ನಮ್ಮ ಮನೆ ನಡೆಯುತ್ತಿತ್ತು. ನಮ್ಮ ತಂದೆಯದು ಕೊಬ್ಬರಿಯ ಸಗಟು ವ್ಯಾಪಾರದ ಮಂಡಿ. ಮಂಡಿ ಬಿಟ್ಟು ಮಗ ಕಾಗದ ಹಿಡಿದನಲ್ಲ ಎಂಬ ಬೇಸರ ಅವರಿಗೆ ಕೊನೆಯವರೆಗೂ ಹೋಗಲಿಲ್ಲ. "ಕೊಬ್ರಿ ಮಾರದೆ ಉಳುದ್ರೆ ಎಣ್ಣೆನಾದ್ರೂ ಆಯ್ತದೆ, ನಿನ್ ಕಾಗ್ದ ಉಳುದ್ರೆ ಏನಾಯ್ತದ್ಲಾ?" ಎನ್ನುತ್ತಿದ್ದರು. ಆದರೆ ಆ ಕಾಗದದ ಕೆಲಸದಲ್ಲೇ ಒಮ್ಮೆ ಕಂಗಾಲಾಗಿ ಕೂತಿದ್ದಾಗ, ದಾರಿ ತೋರಿಸಿದ್ದು ಅವರ ಮಂಡಿಯ ಪದ್ಧತಿಯೇ. ಆ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಹೊತ್ತಿಗೆ ಅಚ್ಚುಮೊಳೆಗಳ ಕಾಲ ಮುಗಿಯುತ್ತಾ ಬಂದಿತ್ತು. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುತ್ತಿದ್ದ ನಾನು, ಕೀಲಿಮಣೆ ಕುಟ್ಟಿ ಪುಟ ಕಟ್ಟುವುದನ್ನು ಕಲಿತಿದ್ದೆ. ಡಿಟಿಪಿ ಎಂದು ಎಲ್ಲರೂ ಕರೆಯುತ್ತಿದ್ದುದು ಇದನ್ನೇ. ಮೊಳೆಯ ಜಾಗಕ್ಕೆ ಫಾಂಟ್ ಬಂತು. ಫಾಂಟ್ ಎಂದರೆ ಕಂಪ್ಯೂಟರಿನೊಳಗಿನ ಒಂದು ಕಡತ. ಯಾವ ಕೀ ಒತ್ತಿದರೆ ಯಾವ ಆಕಾರ ಮೂಡಬೇಕು ಎಂಬುದು ಅದರಲ್ಲಿರುತ್ತದೆ. ಕನ್ನಡದ ಒಳ್ಳೆಯ ಫಾಂಟುಗಳೆಲ್ಲ ಆಗ ಬೀಗ ಹಾಕಿಕೊಂಡೇ ಬರುತ್ತಿದ್ದವು. ಡಾಂಗಲ್ ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನವನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದರೆ ಮಾತ್ರ ಅಕ್ಷರ ಮೂಡುತ್ತಿತ್ತು. ಒಂದು ಡಾಂಗಲ್ಲಿಗೆ ಒಂದೇ ಕಂಪ್ಯೂಟರ್. ಇನ್ನೊಂದು ಬೇಕಾದರೆ ಇನ್ನೊಂದು ಕೊಳ್ಳಬೇಕು.

ಬೀಗ ತೆಗೆದು ಒಳಗೆ ಹೋದರೂ ಅಲ್ಲಿ ಗಣಿತಕ್ಕೆ ಬೇಕಾದದ್ದು ಇರಲಿಲ್ಲ. ವರ್ಗಮೂಲ, ಕೋನ, ಸರ್ವಸಮ, ಎತ್ತರದ ಕಂಸಗಳು, ಇವೆಲ್ಲ ಇಂಗ್ಲಿಷ್ ಫಾಂಟುಗಳಲ್ಲಿ ಸಿಗುತ್ತಿದ್ದವು, ನಿಜ. ಆದರೆ ನಮ್ಮ ದುಂಡನೆಯ ಅಕ್ಷರಗಳ ಪಕ್ಕದಲ್ಲಿ ಅವು ಊಟ ಕಾಣದವರಂತೆ ಬಡಕಲಾಗಿ ನಿಲ್ಲುತ್ತಿದ್ದವು. ಹಾಗಾಗಿ ನಾವು ಚಿಹ್ನೆ ಬರುವ ಕಡೆ ಖಾಲಿ ಜಾಗ ಬಿಟ್ಟು, ಪ್ರಿಂಟ್ ತೆಗೆದ ಮೇಲೆ ಪೆನ್ನಿನಲ್ಲಿ ಬರೆದು ತುಂಬುತ್ತಿದ್ದೆವು. ನನ್ನ ಕೈಬರಹ ಹೇಗಿತ್ತು ಎಂದರೆ, ಕಂಪ್ಯೂಟರ್ ಕೊಂಡಿದ್ದೇ ಅದನ್ನು ಮುಚ್ಚಿಡಲು.

ಸುಶೀಲಾ ಮೇಡಂ ಊರಿನ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನ ಕನ್ನಡ ಮಾಧ್ಯಮದ ಗಣಿತ ಮೇಷ್ಟ್ರುಗಳು ಸೇರಿ ಹತ್ತನೇ ತರಗತಿಯ ಮಕ್ಕಳಿಗೆ ಪ್ರತಿವರ್ಷ ಒಂದು ಪೂರ್ವಸಿದ್ಧತಾ ಪರೀಕ್ಷೆ ನಡೆಸುತ್ತಿದ್ದರು. ಅದರ ಹೊಣೆ ಮೇಡಮ್ಮಿನದು. ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೆ ಮೆತ್ತಗೆ ಅಂದದ್ದು ಮನೆಗೆ ಹೋದ ಮೇಲೂ ಚುಚ್ಚುತ್ತಿತ್ತು. ಒಂದು ದಿನ ನನ್ನ ಕೈಬರಹದ ಪ್ರಶ್ನೆಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, "ನಿಮ್ಮ ವರ್ಗಮೂಲದ ಸೂರು ಗಿಡ್ಡ ಆಯ್ತು ಬಸವರಾಜು ಅವರೇ. ಅರ್ಧ ಸಂಖ್ಯೆ ಮಳೇಲಿ ನೆನೀತಾ ಇದೆ" ಎಂದರು. ನೋಡಿದೆ. ಗೆರೆ ಸಂಖ್ಯೆಯ ಅರ್ಧಕ್ಕೇ ನಿಂತಿತ್ತು. ಎಲ್ಲಿಯವರೆಗೆ ಮೂಲ, ಎಲ್ಲಿಂದಾಚೆ ಅಲ್ಲ ಎನ್ನುವುದೇ ತಿಳಿಯುತ್ತಿರಲಿಲ್ಲ. "ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಅಚ್ಚಿನ ಪತ್ರಿಕೆ, ನಮ್ಮ ಮಕ್ಕಳಿಗೆ ಮಾತ್ರ ಒಗಟು" ಎಂದೂ ಸೇರಿಸಿದರು.

ಅವತ್ತು ಸಂಜೆ ಮುನೀರನ ಅಂಗಡಿಗೆ ಹೋದೆ. ಮುನೀರ ನನ್ನ ಓರಗೆಯವನು. ಅವನಪ್ಪ ನಮ್ಮ ಮಂಡಿಯಲ್ಲಿ ಕೊಬ್ಬರಿ ಚೀಲಗಳ ಮೇಲೆ ಮಾರ್ಕು ಬರೆಯುತ್ತಿದ್ದರು. ಯಾವ ಮಂಡಿಯ ಮಾಲು ಎಂದು ತಿಳಿಯಲು ಪ್ರತಿ ಚೀಲಕ್ಕೂ ಒಂದು ಗುರುತು ಇರುತ್ತದೆ, ಅದೇ ಮಾರ್ಕು. ಮುನೀರನೂ ಆ ಕೆಲಸದಲ್ಲೇ ಕೈ ತಿದ್ದಿಕೊಂಡು, ಮುಂದೆ ಊರಿನ ಅಂಗಡಿಗಳಿಗೆ ಬೋರ್ಡು ಬರೆಯುವವನಾದ. ಅವನಿಗೆ ಒಂದೇ ಕೊರಗು. ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ತನ್ನ ಹೆಸರು ಬರೆದರೆ, ಅಂಗಡಿಯವರು ಮುಂದಿನ ವಾರವೇ ಅದರ ಮೇಲೆ ಬಣ್ಣ ಬಳಿಯುತ್ತಿದ್ದರು. "ಬೋರ್ಡು ಬೇಕು, ಬರ್ದೋನು ಬ್ಯಾಡ" ಎಂದು ನಗುತ್ತಿದ್ದ. ಆ ನಗು ನನಗೆ ಸರಿ ಕಾಣುತ್ತಿರಲಿಲ್ಲ.

ಕನ್ನಡ ಅಕ್ಷರಕ್ಕೆ ಹೊಂದುವ ಗಣಿತದ ಚಿಹ್ನೆಗಳನ್ನು ನೀನು ಬರೆದುಕೊಡು, ನಾನು ಫಾಂಟ್ ಮಾಡುತ್ತೇನೆ ಎಂದು ಅವನನ್ನು ಒಪ್ಪಿಸಿದೆ. ಕೆಲಸ ಶುರುವಾಯಿತು. ಮೇಡಂ ಬೇಕಾದ ಚಿಹ್ನೆಗಳನ್ನು ಹೇಳಿದರು. ಮುನೀರ ಒಂದೊಂದನ್ನೂ ಅಂಗೈಯಗಲಕ್ಕೆ ಕುಂಚದಲ್ಲಿ ಬರೆದ. ನಾನು ಅದನ್ನು ಸ್ಕ್ಯಾನ್ ಮಾಡಿ, ಫಾಂಟ್ ತಯಾರಿಸುವ ತಂತ್ರಾಂಶದಲ್ಲಿ ಅಂಚುಗಳನ್ನು ಗೆರೆಯಾಗಿಸಿ, ಒಂದೊಂದು ಕೀಗೆ ಒಂದೊಂದು ಚಿಹ್ನೆಯನ್ನು ಕೂರಿಸಿದೆ. ಮೂವರೂ ಜಗಳವಾಡಿದೆವು. ವರ್ಗಮೂಲದ ಬಾಲವನ್ನು ಮುನೀರ ಮಾರ್ಕು ಬರೆಯುವ ರೂಢಿಯಲ್ಲಿ ಕೊನೆಗೆ ಸ್ವಲ್ಪ ಮೇಲೆತ್ತುತ್ತಿದ್ದ. ತೆಗಿ ಎಂದೆ. "ಅದು ತೆಗುದ್ರೆ ಗೆರೆ ಸತ್ತೋಯ್ತದೆ ಕಣ್ಲಾ" ಎಂದ. ಮೇಡಂ ಕನ್ನಡಕ ಏರಿಸಿ ನೋಡಿ, ಇರಲಿ ಎಂದರು. ಒಂದು ಮಳೆಗಾಲ ಪೂರ್ತಿ ಇದೇ ಆಯಿತು. ಕೊನೆಗೆ ಕನ್ನಡದ ಅಕ್ಷರದ ಪಕ್ಕದಲ್ಲಿ ವರ್ಗಮೂಲ, ಮೈಕೈ ತುಂಬಿಕೊಂಡು, ಇಡೀ ಸಂಖ್ಯೆಗೆ ಸೂರಾಗಿ ನಿಂತಿತು. ನನಗಾದ ಸಂತೋಷ ಹೇಳತೀರದು.

ಅದನ್ನು ಏನು ಮಾಡುವುದು ಎಂಬ ಪ್ರಶ್ನೆ ಆಮೇಲೆ ಬಂತು. ನಮಗೆ ತಂತ್ರಾಂಶ ಮಾರಿದ ಬೆಂಗಳೂರಿನ ವ್ಯಾಪಾರಿಯೊಬ್ಬರು ನೋಡಿ, ನಾವೇ ಬೀಗ ಹಾಕಿ ಮಾರುತ್ತೇವೆ, ಕೊಡಿ ಎಂದರು. ಮೇಡಂ ಒಪ್ಪಲಿಲ್ಲ. ಶೆಟ್ಟಿಕೆರೆಯ ಮೇಷ್ಟ್ರೊಬ್ಬರು ಶಾಲೆಗೆ ಯಾರೋ ದಾನ ಕೊಟ್ಟ ಹಳೇ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಅಭ್ಯಾಸದ ಲೆಕ್ಕಗಳನ್ನು ಟೈಪು ಮಾಡಿ ಹಂಚುತ್ತಿದ್ದರು. "ಅವರು ಡಾಂಗಲ್ ಎಲ್ಲಿಂದ ತರ್ತಾರೆ? ಕೂಡೋ ಚಿಹ್ನೆಗೆ ಯಾರಾದ್ರೂ ಬೀಗ ಹಾಕಿದಾರಾ? ವರ್ಗಮೂಲಕ್ಕೆ ಯಾಕೆ?" ಎಂದರು ಮೇಡಂ. ನಾನು ಮುನೀರನ ಮುಖ ನೋಡಿದೆ. ಬರೆದವನು ಅವನು. ಅವನು ಕುಂಚ ತೊಳೆಯುತ್ತಲೇ, "ಕೊಟ್ಬುಡಿ ಮೇಡಂ. ಆದ್ರೆ ಹೆಸ್ರು ನಂದಿರ್ಲಿ. ಅದಕ್ಕಾದ್ರೂ ಯಾರೂ ಬಣ್ಣ ಬಳಿಯಂಗಿಲ್ಲ" ಎಂದ. ಹಾಗಾಗಿ ಫಾಂಟಿನ ಪಟ್ಟಿಯಲ್ಲಿ 'ಮುನೀರ್ ಗಣಿತ' ಎಂಬ ಹೆಸರು ಕಾಣಿಸಿತು. ಅದನ್ನು ಪರದೆಯ ಮೇಲೆ ನೋಡಲು ಅವನು ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದ.

ಆಗ ಇಂಟರ್ನೆಟ್ಟು ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಕೇಳಿದವರಿಗೆಲ್ಲ ಫ್ಲಾಪಿಯಲ್ಲಿ ಹಾಕಿ ಕೊಟ್ಟೆವು. ಮೂರು ತಾಲ್ಲೂಕಿನ ಪ್ರೆಸ್ಸುಗಳಿಗೂ ಹೋಯಿತು. ಪುಕ್ಕಟೆ ಎಂದ ಕೂಡಲೇ ಕೆಲವರು ಅನುಮಾನದಿಂದ ಫ್ಲಾಪಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ವೈರಸ್ ಇದೆಯಾ ಎಂದು ಒಬ್ಬರು ನೇರವಾಗಿಯೇ ಕೇಳಿದರು. ಹೇಗೆ ಬಳಸಬೇಕು, ಏನು ಮಾಡಬಾರದು ಎಂದು ನಾವು ಯಾರಿಗೂ ಹೇಳಲಿಲ್ಲ. ಕೊಟ್ಟ ಮೇಲೆ ಹೇಳುವುದೇನಿದೆ ಎಂದು ಮೂವರೂ ತಿಳಿದಿದ್ದೆವು.

ಮುಂದಿನ ಪೂರ್ವಸಿದ್ಧತಾ ಪರೀಕ್ಷೆಗೆ ಮೇಡಂ ಬರೆದ ಪ್ರಶ್ನೆಪತ್ರಿಕೆಯನ್ನು ನಾನೇ ಟೈಪು ಮಾಡಿದೆ. ಅವರೇ ಕೂತು ಎರಡು ಸಲ ತಿದ್ದಿದರು. ಒಂದೇ ಕಡೆ ಅಚ್ಚು ಹಾಕಿ ಎಲ್ಲ ಕಡೆ ಸಾಗಿಸುವುದಕ್ಕಿಂತ, ಆಯಾ ತಾಲ್ಲೂಕಿಗೆ ಅಲ್ಲಿನ ಪ್ರೆಸ್ಸೇ ಅಚ್ಚು ಹಾಕಲಿ ಎಂದು ತೀರ್ಮಾನವಾಗಿತ್ತು. ಕಡತವನ್ನು ಫ್ಲಾಪಿಗೆ ಹಾಕಿ ಲಕೋಟೆಯಲ್ಲಿಟ್ಟು ಅರಗು ಒತ್ತಿ ಕಳಿಸಿದೆವು. ತಿದ್ದಿ ಒಪ್ಪಿದ ಕಡತವಾದ್ದರಿಂದ ಆ ಊರುಗಳಲ್ಲಿ ಮತ್ತೆ ಯಾರೂ ಓದಿ ನೋಡಬೇಕಾಗಿರಲಿಲ್ಲ. ಗುಟ್ಟು ಉಳಿಯಲಿ ಎಂದು ಓದುವುದೇ ಬೇಡ ಎಂದೂ ಹೇಳಿದ್ದೆವು.

ಪರೀಕ್ಷೆಯ ದಿನ ಮಧ್ಯಾಹ್ನ ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಹೈಸ್ಕೂಲಿನಿಂದ ಮೇಡಮ್ಮಿನ ಶಾಲೆಗೆ ಫೋನು ಬಂತು. ಸಂಜೆ ಬಸ್ಸಿನಲ್ಲಿ ಪ್ರಶ್ನೆಪತ್ರಿಕೆಯೂ ಬಂತು. ಮೇಡಂ ಅದನ್ನು ಹಿಡಿದುಕೊಂಡು ನೇರವಾಗಿ ಪ್ರೆಸ್ಸಿಗೆ ಬಂದರು. ರೇಖಾಗಣಿತದ ಪ್ರಶ್ನೆ. ಎರಡು ತ್ರಿಭುಜಗಳು ಸರ್ವಸಮ, ಅಂದರೆ ಒಂದರ ಮೇಲೊಂದು ಇಟ್ಟರೆ ಅಂಚಿಗೆ ಅಂಚು ಕೂಡುವಂಥವು, ಎಂದು ಸಾಧಿಸಬೇಕಾಗಿತ್ತು. ಸಮ ಚಿಹ್ನೆಯ ಮೇಲೆ ಒಂದು ಅಲೆ ಬರೆದರೆ ಸರ್ವಸಮದ ಚಿಹ್ನೆ. ಆ ಜಾಗದಲ್ಲಿ, ಎರಡು ತ್ರಿಭುಜಗಳ ನಡುವೆ, ಐದು ಮಾವಿನೆಲೆ ಇಟ್ಟು ಮೇಲೆ ತೆಂಗಿನಕಾಯಿ ಕೂರಿಸಿದ ಪೂರ್ಣಕುಂಭ ಕಳಸ ಇತ್ತು. ಆ ಪ್ರಶ್ನೆಯೊಂದರಲ್ಲೇ ಅಲ್ಲ, ಸರ್ವಸಮ ಬಂದ ಕಡೆಯಲ್ಲೆಲ್ಲ ಕಳಸ.

ನನಗೆ ಮೊದಲು ಬಂದದ್ದು ನಗು. ಮೇಡಂ ನಗಲಿಲ್ಲ. ತುರುವೇಕೆರೆ ತಾಲ್ಲೂಕಿನಲ್ಲಿ ಒಂದು ಶಾಲೆಯ ಮೇಷ್ಟ್ರು ಅದು ಸಮರೂಪದ ಚಿಹ್ನೆ ಎಂದು ಮಕ್ಕಳಿಗೆ ಹೇಳಿದ್ದರು, ಇನ್ನೊಂದು ಶಾಲೆಯವರು ಕೂಡಿಸಿ ಎಂದಿದ್ದರು, ಮತ್ತೊಂದು ಕಡೆ ಪ್ರಶ್ನೆಯನ್ನೇ ಬಿಡಿ ಎಂದಿದ್ದರು. ದಬ್ಬೇಘಟ್ಟದಲ್ಲಿ ಒಬ್ಬಳು ಹುಡುಗಿ, ತನಗೊಬ್ಬಳಿಗೇ ಪಾಠ ತಪ್ಪಿಹೋಗಿದೆ ಎಂದುಕೊಂಡು ಅತ್ತಿದ್ದಳಂತೆ. ಅದನ್ನು ಕೇಳಿದ ಮೇಲೆ ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಸುದ್ದಿಗೆ ಕಾಲು ಬಂತು. ಎರಡು ತ್ರಿಭುಜಗಳಿಗೆ ಲಗ್ನ ಮಾಡಿಸಿದ ಸಾಬರು ಎಂದು ಟೀ ಅಂಗಡಿಗಳಲ್ಲಿ ಮುನೀರನನ್ನು ಆಡಿಕೊಂಡರು. ಕಡತದಲ್ಲೂ ಫಾಂಟಿನಲ್ಲೂ ಇದ್ದ ಹೆಸರು ಅವನದೊಂದೇ ತಾನೆ? ಬೋರ್ಡು ಬರೆಸಲು ಬಂದವನೊಬ್ಬ, "ಸಾಬ್ರೇ, ಅಂಗ್ಡಿ ಹೆಸ್ರೇ ಬರೀರಿ, ಮಧ್ಯದಲ್ಲಿ ಕಳಸ ಗಿಳಸ ಇಟ್ಬುಟ್ಟೀರಾ" ಎಂದನಂತೆ. ಮುನೀರ ಇದನ್ನು ನನಗೆ ಹೇಳುವಾಗ ನಗಲಿಲ್ಲ. ಕೈಯಲ್ಲಿದ್ದ ಕುಂಚ ನೆನೆಸಿಟ್ಟು ಅಂಗಡಿ ಮುಚ್ಚಿದ.

ಆ ವಾರವೇ ಮೇಷ್ಟ್ರುಗಳ ಸಭೆ ಸೇರಿತು. ನಾನು ತಿಪಟೂರಿನಲ್ಲಿ ಅಚ್ಚಾದ ಪತ್ರಿಕೆಯನ್ನು ತೋರಿಸಿದೆ. ಅದರಲ್ಲಿ ಸರ್ವಸಮ ಸರಿಯಾಗಿಯೇ ಇತ್ತು. ಚಿಕ್ಕನಾಯಕನಹಳ್ಳಿಯದೂ ಸರಿಯಿತ್ತು. ಹಾಗಾದರೆ ತಪ್ಪು ಫಾಂಟಿನದಲ್ಲ ಎಂದೆ. ಹಿರಿಯ ಹೆಡ್‌ಮಾಸ್ಟರೊಬ್ಬರು ಎದ್ದು ನಿಂತರು. ಅವರೇನು ಕೆಟ್ಟ ಮನುಷ್ಯರಲ್ಲ. "ಬಸವರಾಜು, ಒಂದು ಮಾತು ಹೇಳಿ. ಒಂದೇ ಹೆಸರಿನ ಅಕ್ಷರ ಇಲ್ಲೊಂಥರಾ, ಅಲ್ಲೊಂಥರಾ ಬಂದ್ರೆ ನಂಬೋದು ಹೆಂಗ್ರೀ? ಹೆಸರಿಗೇನು ಬೆಲೆ ಬಂತು?" ಎಂದರು. ಕಾರಣ ತಿಳಿಯುವವರೆಗೆ ಆ ಫಾಂಟಿನಲ್ಲಿ ಯಾವ ಪತ್ರಿಕೆಯನ್ನೂ ಮಾಡಿಸಬಾರದು, ಮೊದಲಿನಂತೆ ಕೈಯಲ್ಲೇ ಬರೆಸಬೇಕು ಎಂದು ತೀರ್ಮಾನವಾಯಿತು. ಮುನೀರ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ.

ಮಾರನೆಯ ದಿನ ನಾನೂ ಮುನೀರನೂ ತುರುವೇಕೆರೆಗೆ ಹೋದೆವು. ಅಲ್ಲಿ ಪತ್ರಿಕೆ ಅಚ್ಚು ಹಾಕಿದ ಶಿವಣ್ಣನ ಪ್ರೆಸ್ಸು ಬಸ್ ನಿಲ್ದಾಣದ ಹತ್ತಿರವೇ ಇತ್ತು. ದಾರಿಯುದ್ದಕ್ಕೂ ನಾನು ಅವನಿಗೆ ಏನೇನು ಬೈಯಬೇಕೆಂದು ಜೋಡಿಸಿಕೊಂಡಿದ್ದೆ. ಇವನೇ ಮುನೀರ ಎಂದ ತಕ್ಷಣ ಅವನು ಎದ್ದು, ಮುನೀರನ ಎರಡೂ ಕೈ ಹಿಡಿದುಕೊಂಡು, "ಬನ್ನಿ ಸಾಬ್ರೇ, ನಿಮ್ಮನ್ನ ಕಣ್ಣಲ್ಲಿ ನೋಡ್ದಂಗಾಯ್ತು. ನಿಮ್ ಫಾಂಟಿಂದ ಈ ಸಲದ ಲಗ್ನದ ಸೀಸನ್ನು ಬಲು ಚೆನ್ನಾಗಿ ಹೋಯ್ತು" ಎಂದು ಎಳನೀರು ತರಿಸಿದ.

ಲಗ್ನಕ್ಕೂ ಗಣಿತಕ್ಕೂ ಏನು ಸಂಬಂಧ ಎಂದು ಕೇಳಿದೆ. ಶಿವಣ್ಣ ಏನನ್ನೂ ಮುಚ್ಚಿಡಲಿಲ್ಲ. ಅವನ ಹಳೆಯ ಚಿತ್ರಗಳ ಫಾಂಟಿನ ಡಾಂಗಲ್ಲು ಕೈಕೊಟ್ಟಿತ್ತು. ಲಗ್ನಪತ್ರಿಕೆಗೆ ಕಳಸ ಬೇಕು. ನಮ್ಮ ಫಾಂಟಿಗೆ ಬೀಗವಿರಲಿಲ್ಲ, ತೆರೆದರೆ ತೆರೆಯಿತು. ಬೇಡದ ಚಿಹ್ನೆ ಯಾವುದಿದೆ ಎಂದು ಹುಡುಕಿ, ಅದನ್ನು ತೆಗೆದು ಆ ಕೀಗೆ ಕಳಸ ಕೂರಿಸಿದ. "ಎರಡು ಗೆರೆ, ಮೇಲೊಂದು ಸೊಟ್ಟ ಗೆರೆ ಇತ್ತು ಕಣಣ್ಣ. ಯಾತಕ್ಕೆ ಬತ್ತದೋ ಗೊತ್ತಾಗ್ಲಿಲ್ಲ. ಬರೆಯೋವಾಗ ಕೈ ಅಲುಗಿರ್ಬೇಕು ಅಂದ್ಕಂಡೆ" ಎಂದ. ಅದೇ ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆಯ ಕಡತ ತೆರೆದಿದ್ದ. ಕಡತ 'ಮುನೀರ್ ಗಣಿತ' ಕೇಳಿತು, ಆ ಹೆಸರಿನದು ಸಿಕ್ಕಿತು, ಸರ್ವಸಮ ಇರಬೇಕಾದ ಕೀಯಲ್ಲಿ ಕಳಸ ಕೂತಿತ್ತು. ಓದಬೇಡಿ ಎಂದು ನಾವೇ ಹೇಳಿದ್ದರಿಂದ ಅವನು ಓದಿಯೂ ಇರಲಿಲ್ಲ.

"ತಿದ್ದಿದ್ದು ಸರಿ. ಹೆಸ್ರು ಯಾಕೆ ಬದ್ಲಾಯಿಸ್ಲಿಲ್ಲ?" ಎಂದು ಕೇಳಿದೆ. ಶಿವಣ್ಣ ಬೆಚ್ಚಿದ. "ಎಲ್ಲಾದ್ರೂ ಉಂಟಾ ಬಸಣ್ಣ? ಪುಗಸಟ್ಟೆ ಕೊಟ್ಟವ್ರೆ. ಕಷ್ಟಪಟ್ಟು ಬರ್ದೋರ ಹೆಸ್ರು ಕಿತ್ತಾಕಿ ನನ್ ಹೆಸ್ರು ಹಾಕ್ಕಂಡ್ರೆ ನಾನು ಕಳ್ಳ ಆಗಲ್ವಾ? ಹೆಸ್ರು ಮಾತ್ರ ಮುಟ್ಟಿಲ್ಲ ಸಾಬ್ರೇ, ದೇವ್ರಾಣೆ."

ನಾನು ಜೋಡಿಸಿಕೊಂಡು ಹೋಗಿದ್ದ ಬೈಗುಳವೆಲ್ಲ ಹಾಗೇ ಉಳಿಯಿತು. ಮರ್ಯಾದೆ ಕೊಡಲು ಹೋಗಿ ಅವನು ಮುನೀರನ ಮರ್ಯಾದೆ ಕಳೆದಿದ್ದ. ಹುಡುಗಿ ಅತ್ತ ವಿಷಯ ಹೇಳಿದಾಗ ಅವನ ಮುಖ ಇಳಿದುಹೋಯಿತು. ಮುನೀರ ಪರದೆಯ ಮೇಲಿನ ಕಳಸವನ್ನು ಬಗ್ಗಿ ನೋಡಿ, "ಕಾಯಿ ವಸಿ ಎಡಕ್ಕೆ ವಾಲೈತೆ" ಎಂದಷ್ಟೇ ಹೇಳಿ ಹೊರಗೆ ಹೋದ.

ವಾಪಸು ಬರುವ ಬಸ್ಸಿನಲ್ಲಿ ಅವನ ಸಿಟ್ಟು ಹೊರಗೆ ಬಂತು. "ನಾಳಿಕೇ ಆ ಬೆಂಗ್ಳೂರೋರಿಗೆ ಹೇಳ್ಬುಡು. ಬೀಗ ಹಾಕ್ಲಿ. ನನ್ ಹೆಸ್ರು ಬೀದಿಲಿ ಬಿದ್ದು ಒದ್ದಾಡೋದು ಬ್ಯಾಡ" ಎಂದ. ಮೇಡಮ್ಮಿಗೆ ಮಾತು ಕೊಟ್ಟಿದ್ದೇವಲ್ಲ ಎಂದೆ. "ಫಾಂಟು ಮೇಡಂ ಹೆಸ್ರಲ್ಲಿ ಐತಾ, ನಿನ್ ಹೆಸ್ರಲ್ಲಿ ಐತಾ? ಬೈಸ್ಕೊಂಡೋನು ನಾನು" ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೀಗ ಹಾಕಿದರೆ ಶೆಟ್ಟಿಕೆರೆಯ ಮೇಷ್ಟ್ರ ಕಂಪ್ಯೂಟರಿನಲ್ಲಿ ವರ್ಗಮೂಲ ಮತ್ತೆ ಸೂರು ಕಳೆದುಕೊಳ್ಳುತ್ತದೆ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ಕಿಟಕಿಯ ಕಡೆ ತಿರುಗಿ ಕೂತ.

ತಿಪಟೂರಿನಲ್ಲಿ ಇಳಿದು ಮಂಡಿಗಳ ಮುಂದೆ ನಡೆದು ಬರುತ್ತಿದ್ದೆವು. ಯಾರದೋ ಮಂಡಿಯಲ್ಲಿ ಚೀಲ ಬಿಚ್ಚಿ ಕೊಬ್ಬರಿಯನ್ನು ಆರಿಸಿ, ಬೇರೆ ಮಾಲಿನ ಜೊತೆ ಸೇರಿಸಿ ಮತ್ತೆ ತುಂಬುತ್ತಿದ್ದರು. ದಿನಾ ಕಾಣುವ ಕೆಲಸ. ಒಬ್ಬ ಆಳು ಚೀಲದ ಮೇಲಿನ ಹಳೆಯ ಮಾರ್ಕಿಗೆ ಮಸಿ ಬಳಿಯುತ್ತಿದ್ದ. ನಾನು ನಿಂತೆ. ಮುನೀರನೂ ನಿಂತ.

"ಮಸಿ ಬಳೀದೆ ಹಂಗೇ ಬುಟ್ಟಿದ್ರೆ?" ಎಂದು ಮುನೀರನನ್ನು ಕೇಳಿದೆ.

"ನಿಮ್ಮಪ್ಪ ನನ್ ಕೈ ಮುರ್ದಾಕೋರು."

"ಯಾಕೆ?"

"ಒಳಗಡೆ ಮಾಲು ಬದ್ಲಾಯ್ತಲ್ಲ. ಹಳೇ ಮಾರ್ಕು ಉಳುದ್ರೆ ಸುಳ್ಳು ಹೇಳ್ದಂಗೆ." ಅಷ್ಟು ಹೇಳಿ ಅವನು ನನ್ನ ಕಡೆ ತಿರುಗಿದ. ನಾನೇಕೆ ಕೇಳಿದೆ ಎಂಬುದು ಅವನಿಗೆ ತಿಳಿಯಿತು.

"ಚೀಲ ಬಿಚ್ಚಬ್ಯಾಡಿ ಅಂತ ಮಾತ್ರ ನಮ್ಮಪ್ಪ ಯಾರಿಗೂ ಹೇಳ್ತಿರ್ಲಿಲ್ಲ ಕಣ್ಲಾ ಮುನೀರ. ಕೊಟ್ಟ ಮೇಲೆ ಚೀಲ ಅವರ್ದು. ಮಾರ್ಕು ಮಾತ್ರ ನಮ್ದು" ಎಂದೆ.

ಅವನು ನನ್ನ ಪ್ರೆಸ್ಸಿನವರೆಗೆ ಮುಂದೆ ಮುಂದೆ ನಡೆದ. ಮೆಟ್ಟಿಲ ಮೇಲೆ ಕೂತು, "ಇಷ್ಟು ವರ್ಸ ಅಂಗ್ಡಿಯೋರು ನಾನು ಕೇಳ್ದೆನೇ ನನ್ ಹೆಸ್ರು ಅಳಿಸೋರು. ಈಗ ನಾನೇ ಹೋಗಿ, ಸ್ವಾಮಿ ಅಳಿಸಿ ಅಂತ ಕೇಳ್ಬೇಕಾ?" ಎಂದ. ಏನು ಹೇಳಿದರೂ ಸುಳ್ಳು ಸಮಾಧಾನವಾಗುತ್ತಿತ್ತು. ಟೀ ತರಿಸಿದೆ. ಅರ್ಧ ಟೀ ಕುಡಿದ ಮೇಲೆ, "ತಿದ್ದುದ್ರೆ ಮಾತ್ರ ಅಳಿಸ್ಬೇಕು. ತಿದ್ದದೆ ಅಳಿಸಂಗಿಲ್ಲ. ಎರಡೂ ಬರಿ" ಎಂದ.

ಮೇಡಂ ಅದನ್ನು ಚೊಕ್ಕವಾಗಿ ನಾಲ್ಕು ಸಾಲಿಗೆ ಇಳಿಸಿದರು. ಈ ಚಿಹ್ನೆಗಳನ್ನು ಯಾರು ಬೇಕಾದರೂ ಬಳಸಬಹುದು, ಯಾರಿಗೆ ಬೇಕಾದರೂ ಕೊಡಬಹುದು, ತಿದ್ದಲೂಬಹುದು. ತಿದ್ದಿದವರು ನಮ್ಮ ಹೆಸರನ್ನು ತೆಗೆದು ಬೇರೆ ಹೆಸರು ಇಡಬೇಕು. ತಿದ್ದದವರು ಹೆಸರನ್ನು ಮುಟ್ಟಬಾರದು. ಮುಂದೆ ಕೊಡುವಾಗ ಈ ಮಾತನ್ನೂ ಜೊತೆಗೆ ಕೊಡಬೇಕು. ಇದನ್ನು ಫ್ಲಾಪಿಯ ಒಳಗೂ ಹಾಕಿದೆವು, ಮೇಲಿನ ಚೀಟಿಯ ಮೇಲೂ ಅಚ್ಚು ಹಾಕಿದೆವು. ಎಷ್ಟೋ ವರ್ಷಗಳ ನಂತರ ನನಗೆ ತಿಳಿದ ಸಂಗತಿಯೆಂದರೆ, ಜಗತ್ತಿನ ದೊಡ್ಡ ದೊಡ್ಡ ಗಣಿತಜ್ಞರು ಬಳಸುವ ಉಚಿತ ಫಾಂಟುಗಳಲ್ಲೂ ಕೆಲವಕ್ಕೆ ಇಂಥದೇ ಷರತ್ತು ಇದೆ. ಅವರಿಗೆ ಅದು ಯಾವ ಮಂಡಿಯಲ್ಲಿ ಹೊಳೆಯಿತೋ ಕಾಣೆ.

ಮುಂದಿನ ಸಭೆಗೆ ಶಿವಣ್ಣ ಕರೆಯದೆಯೇ ಬಂದ. ಎಲ್ಲರೆದುರು ಎದ್ದು ನಿಂತು, ಸಾಬರ ಕೆಲಸದಲ್ಲಿ ತಪ್ಪಿಲ್ಲ, ಕಳಸ ತನ್ನದು, ಮಕ್ಕಳಿಗೆ ತೊಂದರೆಯಾದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಕೇಳಿಕೊಂಡ. ಆ ಹೆಡ್‌ಮಾಸ್ಟರು ನಮ್ಮ ನಾಲ್ಕು ಸಾಲನ್ನು ಓದಿ, "ಇದು ಎಲ್ಲರೂ ಕೇಳ್ತಾರೆ ಅನ್ನೋಕೆ ಏನು ಗ್ಯಾರಂಟಿ?" ಎಂದರು. ಗ್ಯಾರಂಟಿ ಇಲ್ಲ, ಅದಕ್ಕೇ ಇನ್ನೊಂದು ಏರ್ಪಾಡು ಮಾಡಿದ್ದೇವೆ ಎಂದು ಮೇಡಂ ಅಡಿಯ ಗೆರೆ ಕಾಣುವಂಥ ಒಂದು ಬಟರ್ ಪೇಪರನ್ನು ಎತ್ತಿ ತೋರಿಸಿದರು. ಅದರ ಮೇಲೆ ಮುನೀರನ ಎಲ್ಲ ಚಿಹ್ನೆಗಳೂ ಕೀಗಳ ಸಾಲಿನಂತೆಯೇ ಅಚ್ಚಾಗಿದ್ದವು. ಯಾವ ಊರಿನಲ್ಲಿ ಪತ್ರಿಕೆ ಅಚ್ಚು ಹಾಕಿದರೂ ಮೊದಲು ಚಿಹ್ನೆಗಳ ಪುಟವೊಂದನ್ನು ತೆಗೆಯುವುದು, ಅದರ ಮೇಲೆ ಈ ತೆಳು ಕಾಗದ ಹಾಸಿ ನೋಡುವುದು. ಗೆರೆಯ ಮೇಲೆ ಗೆರೆ ಕೂತರೆ ಸರಿ, ಇಲ್ಲದಿದ್ದರೆ ಅಚ್ಚು ನಿಲ್ಲಿಸುವುದು. ಪ್ರಶ್ನೆ ಓದುವ ಅಗತ್ಯವಿಲ್ಲ, ಗುಟ್ಟೂ ಉಳಿಯುತ್ತದೆ. ಹೆ‌ಡ್‌ಮಾಸ್ಟರು ತಾವೇ ಒಂದರ ಮೇಲೊಂದು ಹಾಸಿ, ಬೆಳಕಿಗೆ ಹಿಡಿದು ನೋಡಿದರು. "ಸರ್ವಸಮ" ಎಂದರು. ಸಭೆ ನಕ್ಕಿತು. ಅವರು ಹಿಂದಿನ ಬೆಂಚಿನ ಕಡೆ ನೋಡಿ, "ಮುನೀರ್ ಅವರೇ, ಮುಂದೆ ಬಂದು ಕೂತ್ಕೊಳ್ರೀ" ಎಂದರು.

ತುರುವೇಕೆರೆ ತಾಲ್ಲೂಕಿನ ಮಕ್ಕಳಿಗೆ ರೇಖಾಗಣಿತದ ಭಾಗವನ್ನು ಮತ್ತೆ ಬರೆಸಿದರು. ಪತ್ರಿಕೆ ಅಚ್ಚು ಹಾಕಿದವನು ಶಿವಣ್ಣನೇ. ಮುನೀರ ಅವನ ಪಕ್ಕದಲ್ಲಿ ನಿಂತು ಬಟರ್ ಪೇಪರ್ ಹಾಸಿ ನೋಡಿದ. ಅವತ್ತು ಅತ್ತಿದ್ದ ಹುಡುಗಿ ಚೆನ್ನಾಗಿ ಬರೆದಳು ಎಂದು ಮೇಡಂ ಹೇಳಿದರು. ಶಿವಣ್ಣ ತನ್ನ ಕಳಸವನ್ನು, ಮುನೀರನಿಂದಲೇ ನೆಟ್ಟಗೆ ಮಾಡಿಸಿಕೊಂಡು, ಬೇರೆ ಫಾಂಟಿಗೆ ಹಾಕಿ 'ಶಿವಣ್ಣ ಮಂಗಳ' ಎಂದು ಹೆಸರಿಟ್ಟ. ಅದೂ ಪುಕ್ಕಟೆಯೇ. ಎಷ್ಟೋ ಲಗ್ನಪತ್ರಿಕೆಗಳ ಮೇಲೆ ನಾನು ಆ ಕಳಸವನ್ನು ಕಂಡಿದ್ದೇನೆ.

ಇಂಟರ್ನೆಟ್ಟು ಬಂದ ಮೇಲೆ ಮೇಡಮ್ಮಿನ ಹಳೆಯ ವಿದ್ಯಾರ್ಥಿಯೊಬ್ಬ ಫಾಂಟನ್ನು, ಆ ನಾಲ್ಕು ಸಾಲಿನ ಸಮೇತ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಒಂದು ತಾಣದಲ್ಲಿ ಹಾಕಿದ. ಅದು ಎಲ್ಲೆಲ್ಲಿಗೆ ಹೋಯಿತು ಎಂದು ನಮಗೆ ತಿಳಿಯುವ ದಾರಿಯಿರಲಿಲ್ಲ. ನಾವೂ ಕೇಳಲಿಲ್ಲ. ಕೆಲವು ವರ್ಷ ಕಳೆದ ಮೇಲೆ, ನಿವೃತ್ತರಾಗಿದ್ದ ಮೇಡಂ ಉತ್ತರ ಕರ್ನಾಟಕದ ಕಡೆ ಅಚ್ಚಾದ ಒಂದು ಗಣಿತದ ಅಭ್ಯಾಸ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟರು. ನಾನು ಮುನೀರನನ್ನು ಕರೆಸಿದೆ.

ಅವನು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಪುಟ ತಿರುವುತ್ತಾ ಹೋದ. ಒಂದು ವರ್ಗಮೂಲದ ಮೇಲೆ ಬೆರಳಿಟ್ಟು ನಿಂತ. ಬಾಲ ಕೊನೆಗೆ ಸ್ವಲ್ಪ ಮೇಲೆದ್ದಿತ್ತು. "ಬಾಲ ನಂದು" ಎಂದ. "ಕಾಲು ಗಿಡ್ಡ ಮಾಡವ್ರೆ. ಸಣ್ಣ ಅಕ್ಸರಕ್ಕೆ ಹೊಂದ್ಲಿ ಅಂತ. ಕಸುಬು ಗೊತ್ತಿರೋರೇ ಮಾಡವ್ರೆ." ಆಮೇಲೆ ಮೊದಲ ಪುಟಗಳನ್ನು ತೆಗೆದು, ಅಕ್ಷರ ವಿನ್ಯಾಸ ಯಾರದೆಂದು ಹುಡುಕಿದ. ಅಲ್ಲಿ ನಮಗೆ ಯಾರಿಗೂ ಗೊತ್ತಿಲ್ಲದ ಬೇರೊಂದು ಹೆಸರಿತ್ತು. ಮುನೀರನ ಹೆಸರು ಎಲ್ಲೂ ಇರಲಿಲ್ಲ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. "ತೆಗುದವ್ರೆ ಕಣ್ಲಾ ಬಸ್ವ," ಎಂದು ಅವನು ತಲೆಯೆತ್ತಿದ, "ನಾವು ಬರ್ದಿದ್ದು ಓದವ್ರೆ."

ಇಷ್ಟು ವರ್ಷದ ಅಕ್ಷರದ ಕೆಲಸ ನನಗೆ ಕಲಿಸಿದ್ದು ಇಷ್ಟು: ಎಲ್ಲರಿಗೂ ಬಿಟ್ಟುಕೊಡುವ ವಸ್ತುವಿಗೆ ಬೀಗ ಬೇಡ, ಆದರೆ ಒಂದು ಮಾತು ಬೇಕು. ನಮ್ಮ ಹೆಸರು ನಮ್ಮ ಕೆಲಸ ಇರುವವರೆಗೆ ಇದ್ದರೆ ಸಾಕು. ಅದರಾಚೆ ಉಳಿದರೆ ಹೆಸರಿಗೂ ಕೆಟ್ಟದ್ದು, ಕೆಲಸಕ್ಕೂ ಕೆಟ್ಟದ್ದು. ಹೇಳುವುದು ಸುಲಭ. ಮುನೀರನಿಗೆ ಅದು ಸುಲಭವಾಗಿರಲಿಲ್ಲ ಎಂಬುದು ನನಗೆ ಗೊತ್ತು.

ಆ ಪುಸ್ತಕವನ್ನು ಮೇಡಂ ವಾಪಸು ಕೇಳಲಿಲ್ಲ. ಈಗ ಬೋರ್ಡು ಬರೆಸುವವರು ಕಡಿಮೆ, ಮುನೀರನ ಕಣ್ಣೂ ಮೊದಲಿನಂತಿಲ್ಲ. ಆದರೂ ಅಂಗಡಿಗೆ ಹೊಸಬರು ಯಾರಾದರೂ ಬಂದರೆ, ತನ್ನ ಹೆಸರೇ ಇಲ್ಲದ ಆ ಪುಸ್ತಕವನ್ನು ಕಪಾಟಿನಿಂದ ತೆಗೆದು, "ನೋಡಿ, ಇದು ನನ್ ಕೆಲ್ಸ" ಎಂದು ತೋರಿಸುತ್ತಾನೆ.